ರೋಗದ ಮನೆಯಲ್ಲೇ ಮದ್ದು: ಹಿಮೋಗ್ಲೋಬಿನ್ ಎಂಬ ಒಂದು ಅಣು



ಮನುಷ್ಯನ ಕಾಯಿಲೆಗಳಲ್ಲೂ ಚಿಕಿತ್ಸೆಯಲ್ಲೂ ಜೈವಿಕ ಅಣುಗಳ ಪಾತ್ರವೇನು ಎಂಬುದರ ಬಗ್ಗೆ ಮಾತಾಡಬೇಕು ಎಂದು ನನಗೆ ಹೇಳಿದ್ದಾರೆ. ಇನ್ಸುಲಿನ್, ಕಿಣ್ವ, ಹಾರ್ಮೋನು, ಪ್ರತಿಕಾಯ ಎಂದು ಪಟ್ಟಿ ಓದುತ್ತಾ ಹೋದರೆ ಸಂಜೆ ಕಳೆಯುತ್ತದೆ, ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಒಂದೇ ಅಣುವನ್ನು ಹಿಡಿದು ಕೂರುತ್ತೇನೆ. ಆ ಅಣು ಹಿಮೋಗ್ಲೋಬಿನ್. ಕಾಯಿಲೆ ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡುಗೋಲು ಕಣ ರಕ್ತಹೀನತೆ.

ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ‘ಅಣುವಿನ ಕಾಯಿಲೆ’ ಎಂಬ ಹೆಸರನ್ನು ವಿಜ್ಞಾನಿಗಳು ಮೊದಲು ಕೊಟ್ಟದ್ದು ಇದಕ್ಕೇ, 1949ರಲ್ಲಿ. ದೋಷ ಯಾವ ಸರಪಳಿಯಲ್ಲಿ, ಎಷ್ಟನೆಯ ಸ್ಥಾನದಲ್ಲಿ ಎಂಬುದು 1950ರ ದಶಕ ಮುಗಿಯುವ ಮೊದಲೇ ಗೊತ್ತಾಗಿತ್ತು. ಆದರೆ ಈ ಕಾಯಿಲೆಗೆಂದೇ ಒಂದು ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಆ ಔಷಧಿ ಕೂಡ ದೋಷವಿರುವ ಜಾಗಕ್ಕೆ ಕೈ ಹಾಕುವುದಿಲ್ಲ. ನಮ್ಮ ದೇಹ ಹುಟ್ಟಿದ ಮೇಲೆ ಬದಿಗಿಟ್ಟ ಇನ್ನೊಂದು ಹಿಮೋಗ್ಲೋಬಿನನ್ನು ಮತ್ತೆ ಕೆಲಸಕ್ಕೆ ಕರೆಯುತ್ತದೆ. ದೋಷ ಗೊತ್ತಾದರೆ ಮದ್ದು ತಾನಾಗಿ ಸಿಗುತ್ತದೆ ಎಂದು ನಾವು ಪಾಠ ಮಾಡುವವರು ಸಲೀಸಾಗಿ ಹೇಳಿಬಿಡುತ್ತೇವೆ. ಈ ಅಣುವಿನ ಚರಿತ್ರೆ ಹಾಗೆ ನಡೆದಿಲ್ಲ.

ಮೊದಲು ಅಣುವನ್ನು ನೋಡೋಣ. ಒಂದು ಕೆಂಪು ರಕ್ತಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಒಂದೊಂದು ಅಣುವಿನಲ್ಲೂ ನಾಲ್ಕು ಸರಪಳಿ: ಎರಡು ಆಲ್ಫಾ, ಎರಡು ಬೀಟಾ. ಆಲ್ಫಾದಲ್ಲಿ 141 ಅಮೈನೊ ಆಮ್ಲಗಳು, ಬೀಟಾದಲ್ಲಿ 146. ಪ್ರತಿ ಸರಪಳಿಯ ಮಡಿಲಲ್ಲಿ ಕಬ್ಬಿಣದ ಒಂದು ಪರಮಾಣು. ಶ್ವಾಸಕೋಶದಲ್ಲಿ ಆ ಕಬ್ಬಿಣ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ, ಸ್ನಾಯುವಿಗೋ ಮಿದುಳಿಗೋ ಹೋದಾಗ ಬಿಟ್ಟುಕೊಡುತ್ತದೆ. ಹಿಡಿಯುವಾಗ ಒಂದು ಆಕಾರ, ಬಿಟ್ಟಾಗ ಇನ್ನೊಂದು. ಈ ಆಕಾರ ಬದಲಾವಣೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಕೇಂಬ್ರಿಜ್‌ನ ಮ್ಯಾಕ್ಸ್ ಪೆರುಟ್ಜ್ ಎಕ್ಸ್-ರೇ ಹಿಡಿದು ದಶಕಗಟ್ಟಲೆ ಕೂತರು; 1962ರ ನೊಬೆಲ್ ಅವರಿಗೂ ಜಾನ್ ಕೆಂಡ್ರೂ ಅವರಿಗೂ ಬಂತು. ಆಮ್ಲಜನಕ ಬಿಟ್ಟಾಗಿನ ಆಕಾರವನ್ನು ನೆನಪಿಟ್ಟುಕೊಳ್ಳಿ, ತೊಂದರೆಯೆಲ್ಲ ಶುರುವಾಗುವುದು ಅಲ್ಲಿಂದ.

1904ರಲ್ಲಿ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ 20ರ ಹುಡುಗ ಕೆರಿಬಿಯನ್ನಿನ ಗ್ರೆನಾಡಾ ದ್ವೀಪದಿಂದ ದಂತವೈದ್ಯ ಓದಲು ಶಿಕಾಗೋಗೆ ಬಂದ. ಬಂದ ಸ್ವಲ್ಪ ದಿನಕ್ಕೇ ಆಸ್ಪತ್ರೆ ಸೇರಬೇಕಾಯಿತು. ಅಲ್ಲಿನ ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್ ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಉದ್ದುದ್ದದ, ಬಾಗಿದ ಕಣಗಳನ್ನು ಗುರುತಿಸಿದರು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಆ ಬಗ್ಗೆ ಬರೆದರು, ಹೆಸರೂ ಅವರದೇ ಉಳಿಯಿತು. ನೋಯೆಲ್ ಮಾತ್ರ ಪದೇ ಪದೇ ಮಲಗಿ ಏಳುತ್ತಲೇ ಓದು ಮುಗಿಸಿ, ಊರಿಗೆ ಮರಳಿ ದಂತವೈದ್ಯನಾಗಿ ಕೆಲಸ ಮಾಡಿದ. 1916ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ವೈದ್ಯಕೀಯ ಚರಿತ್ರೆಯಲ್ಲಿ ರೋಗಿಗಳು ‘ಒಂದು ಪ್ರಕರಣ’ ಆಗಿಬಿಡುವುದು ಹೊಸದೇನಲ್ಲ. ಮುಂದೆ ಯಾರೋ ಹುಡುಕಿ ತೆಗೆದದ್ದರಿಂದ ಇವನ ಹೆಸರಾದರೂ ನಮಗೆ ಸಿಕ್ಕಿದೆ.

ಆಮೇಲೆ 35 ವರ್ಷ ಇದು ರಕ್ತಕಣದ ಕಾಯಿಲೆ ಎಂದೇ ನಡೆಯಿತು. 1945ರಲ್ಲಿ ರಕ್ತರೋಗ ತಜ್ಞ ವಿಲಿಯಂ ಕ್ಯಾಸಲ್ ರೈಲು ಪ್ರಯಾಣದಲ್ಲಿ ಜೊತೆಗಿದ್ದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಅವರಿಗೆ, ಆಮ್ಲಜನಕ ಕಡಿಮೆಯಾದಾಗ ಈ ಕಣಗಳು ಬಾಗುತ್ತವೆ ಎಂದು ಮಾತಿನ ನಡುವೆ ಹೇಳಿದರು. ಹಾಗಾದರೆ ದೋಷ ಕಣದ್ದಲ್ಲ, ಒಳಗಿನ ಹಿಮೋಗ್ಲೋಬಿನ್ನಿನದು ಎಂದು ಪಾಲಿಂಗ್‌ಗೆ ಹೊಳೆಯಿತು. ಹೊಳೆದದ್ದು ಅವರಿಗೆ, ದುಡಿದದ್ದು ಹಾರ್ವೆ ಇಟಾನೊ. ಈ ಇಟಾನೊ ಜಪಾನಿ ಮೂಲದ ಅಮೆರಿಕನ್. 1942ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಅತ್ಯುನ್ನತ ಪದಕ ಅವರಿಗೇ ಬಂದಿತ್ತು. ಅದನ್ನು ಪಡೆಯಲು ಅವರು ವೇದಿಕೆಗೆ ಬರಲಾಗಲಿಲ್ಲ. ಯುದ್ಧಕಾಲವೆಂದು ಅವರದೇ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಶಿಬಿರಕ್ಕೆ ತಳ್ಳಿತ್ತು. ಅಂಥವರು ಪಾಲಿಂಗ್ ಅವರ ಪ್ರಯೋಗಾಲಯದಲ್ಲಿ ಆರೋಗ್ಯವಂತರ, ರೋಗಿಗಳ ಎರಡೂ ಬಗೆಯ ಹಿಮೋಗ್ಲೋಬಿನನ್ನು ವಿದ್ಯುತ್ ಕ್ಷೇತ್ರದಲ್ಲಿ ಓಡಿಸಿ ನೋಡಿದರು. ಎರಡೂ ಬೇರೆ ಬೇರೆ ವೇಗದಲ್ಲಿ ಓಡಿದವು. ದೋಷದ ಜೀನನ್ನು ಹೆತ್ತವರಲ್ಲಿ ಒಬ್ಬರಿಂದ ಮಾತ್ರ ಪಡೆದ, ಕಾಯಿಲೆಯಿಲ್ಲದ ವಾಹಕರ ರಕ್ತದಲ್ಲಿ ಎರಡೂ ಬಗೆಯವು ಒಟ್ಟಿಗಿದ್ದವು. 1949ರ ಆ ಪ್ರಬಂಧ ನಾಲ್ಕು ಜನರ ಹೆಸರಿನಲ್ಲಿ ಬಂತು.

ಮುಂದಿನ ಹೆಜ್ಜೆ ಕೇಂಬ್ರಿಜ್‌ನಲ್ಲಿ. ವೆರ್ನನ್ ಇನ್‌ಗ್ರಾಮ್ ಹಿಮೋಗ್ಲೋಬಿನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡು ತುಂಡು ಮಾಡಿ, ಆ ತುಂಡುಗಳನ್ನು ಸೋಸುಕಾಗದದ ಮೇಲೆ ಒಮ್ಮೆ ವಿದ್ಯುತ್ತಿನಿಂದ, ಇನ್ನೊಮ್ಮೆ ದ್ರಾವಕದಿಂದ ಹರಡಿದರು. ಬಣ್ಣ ಹಾಕಿದಾಗ ಕಾಗದದ ತುಂಬ ಚುಕ್ಕೆಗಳು. ಆರೋಗ್ಯವಂತರ ಕಾಗದ, ರೋಗಿಯ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಒಂದು ಚುಕ್ಕೆ ಸರಿದಿತ್ತು. ಅದನ್ನು ಬಿಡಿಸಿ ನೋಡಿದಾಗ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತಿತ್ತು. 146ರಲ್ಲಿ ಒಂದು, ಅಷ್ಟೇ. ಡಿಎನ್‌ಎ ಮಟ್ಟದಲ್ಲಿ ಇದು ಒಂದು ‘ಎ’ ಹೋಗಿ ಒಂದು ‘ಟಿ’ ಬಂದದ್ದರ ಫಲ.

ಇಷ್ಟು ಸಣ್ಣ ಅದಲುಬದಲು ಇಷ್ಟೊಂದು ಹಾವಳಿ ಮಾಡುವುದು ಹೇಗೆ? ಗ್ಲುಟಾಮಿಕ್ ಆಮ್ಲಕ್ಕೆ ನೀರೆಂದರೆ ಒಗ್ಗುತ್ತದೆ, ವ್ಯಾಲೀನಿಗೆ ಆಗದು. ಸಾರಿನ ಮೇಲೆ ತೇಲುವ ಎಣ್ಣೆಹನಿಗಳು ಒಂದನ್ನೊಂದು ಸೇರಿಕೊಳ್ಳುವಂತೆ, ಹೊರಮೈಯಲ್ಲಿ ಸಿಕ್ಕಿಬಿದ್ದ ವ್ಯಾಲೀನ್ ಕೂಡ ನೀರಿನಿಂದ ತಪ್ಪಿಸಿಕೊಳ್ಳಲು ಜಾಗ ಹುಡುಕುತ್ತದೆ. ಅಣು ಆಮ್ಲಜನಕ ಬಿಟ್ಟಾಗ ಪಕ್ಕದ ಅಣುವಿನ ಬೀಟಾ ಸರಪಳಿಯಲ್ಲಿ ಅದಕ್ಕೆ ಸರಿಹೊಂದುವ ಒಂದು ಪೊಟರೆ ತೆರೆದುಕೊಳ್ಳುತ್ತದೆ. ವ್ಯಾಲೀನ್ ಅಲ್ಲಿ ಹೊಕ್ಕು ಕೂರುತ್ತದೆ. ಅದಕ್ಕೆ ಇನ್ನೊಂದು ಅಣು, ಮತ್ತೊಂದು ಅಣು ತಗುಲಿಕೊಂಡು ಉದ್ದನೆಯ ಎಳೆಗಳಾಗುತ್ತವೆ. 14 ಎಳೆ ಹೊಸೆದು ಒಂದು ನಾರು. ಈ ನಾರುಗಳೇ ಒಳಗಿನಿಂದ ಒತ್ತಿ ಕಣವನ್ನು ಕುಡುಗೋಲು ಮಾಡುವುದು. ಅಂಥ ಕಣ ಬಿರುಸಾಗುತ್ತದೆ, ಕೂದಲೆಳೆಗಿಂತ ಸಣ್ಣ ರಕ್ತನಾಳದಲ್ಲಿ ನುಸುಳಲಾರದು. ನಾಳ ಕಟ್ಟಿಕೊಂಡ ಕಡೆ ನೋವು. ಮೂಳೆಯಲ್ಲಿ, ಬೆನ್ನಿನಲ್ಲಿ, ಎದೆಯಲ್ಲಿ. ಕೂಸುಗಳಲ್ಲಿ ಮೊದಲು ಕಾಣುವುದು ಕೈಕಾಲಿನ ಬೆರಳುಗಳ ಊತ. 120 ದಿನ ಬದುಕಬೇಕಾದ ಕೆಂಪು ಕಣ 10–20 ದಿನಕ್ಕೇ ಒಡೆಯುತ್ತದೆ. ರಕ್ತಹೀನತೆ ಬರುವುದು ಹಾಗೆ.

ಇಲ್ಲಿ ಒಂದು ವಿವರ ನನಗೆ ಬಹಳ ಇಷ್ಟ. ಆಮ್ಲಜನಕ ಹೋದ ತಕ್ಷಣ ನಾರು ಹುಟ್ಟುವುದಿಲ್ಲ, ಸ್ವಲ್ಪ ಹೊತ್ತು ಬೇಕು. ಕಣ ಸಣ್ಣ ನಾಳವನ್ನು ದಾಟುವುದು ಕ್ಷಣಮಾತ್ರದಲ್ಲಿ. ಅಷ್ಟರಲ್ಲಿ ದಾಟಿ ಶ್ವಾಸಕೋಶದ ದಾರಿ ಹಿಡಿದರೆ ಬಚಾವು. ಹೆಚ್ಚಿನ ಕಣಗಳು ಹೀಗೆಯೇ ಪಾರಾಗುತ್ತವೆ, ಇಲ್ಲದಿದ್ದರೆ ಈ ರೋಗಿಗಳು ಬದುಕುವುದೇ ಸಾಧ್ಯವಿರಲಿಲ್ಲ. ಆದರೆ ಕಣದೊಳಗೆ ಹಿಮೋಗ್ಲೋಬಿನ್ ಕೊಂಚ ದಟ್ಟವಾದರೂ ಈ ಕಾಯುವ ಹೊತ್ತು ಸರ್ರನೆ ಇಳಿದುಬಿಡುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಕಣ ದಟ್ಟವಾಗುತ್ತದೆ. ‘ನೀರು ಚೆನ್ನಾಗಿ ಕುಡಿಯಿರಿ’ ಎಂದು ಆಶಾ ಕಾರ್ಯಕರ್ತೆ ಹೇಳುವ ಮಾತು ಬರೀ ಉಪಚಾರದ ಮಾತಲ್ಲ, ಅಪ್ಪಟ ಭೌತರಸಾಯನ ಶಾಸ್ತ್ರ. ಬಿಸಿಲಲ್ಲಿ ಕೂಲಿ ಮಾಡುವವರಿಗೆ ಆ ಸಲಹೆ ಪಾಲಿಸಲು ಬಿಡುವೆಲ್ಲಿದೆ ಎಂಬುದು ಬೇರೆ ಪ್ರಶ್ನೆ.

ಈಗ ಮದ್ದಿನ ಕಡೆ ಬರೋಣ. ಪಾಲಿಂಗ್ ಪ್ರಬಂಧಕ್ಕೂ ಒಂದು ವರ್ಷ ಮೊದಲು, 1948ರಲ್ಲಿ, ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಒಂದು ಸಂಗತಿ ಗಮನಿಸಿದರು. ತಾಯಿತಂದೆಯರಿಂದ ಈ ದೋಷದ ಜೀನು ಪಡೆದು ಹುಟ್ಟಿದ ಕೂಸುಗಳ ರಕ್ತ ಮೊದಲ ಕೆಲವು ತಿಂಗಳು ಅಷ್ಟಾಗಿ ಬಾಗುವುದಿಲ್ಲ. ಭ್ರೂಣದ ಹಿಮೋಗ್ಲೋಬಿನ್ ಇನ್ನೂ ಉಳಿದಿರುವುದೇ ಕಾರಣವಿರಬೇಕು ಎಂದು ಅವರು ತರ್ಕಿಸಿದರು. ಗರ್ಭದಲ್ಲಿರುವಾಗ ನಮಗೆಲ್ಲ ಬೀಟಾ ಬದಲು ಗ್ಯಾಮಾ ಎಂಬ ಸರಪಳಿ ಇರುತ್ತದೆ. ಹುಟ್ಟಿ ಆರು ತಿಂಗಳಾಗುವ ಹೊತ್ತಿಗೆ ಅದು ಬಹುಮಟ್ಟಿಗೆ ಬೀಟಾಗೆ ಜಾಗ ಬಿಡುತ್ತದೆ. ಗ್ಯಾಮಾ ಇರುವ ಅಣು ನಾರಿನೊಳಗೆ ಸೇರಿಕೊಳ್ಳುವುದಿಲ್ಲ, ಸೇರಲು ಬಂದವರಿಗೂ ಅಡ್ಡಿಯಾಗುತ್ತದೆ.

ವಾಟ್ಸನ್ ಕಂಡದ್ದಕ್ಕೆ ದೊಡ್ಡ ಪುರಾವೆಯೊಂದು ಭಾರತದಿಂದಲೂ ಸಿಕ್ಕಿತು. ಒಡಿಶಾದ ಬಿ.ಸಿ. ಕರ್ ಅವರೂ ಜಮೈಕಾದಲ್ಲಿ ಕೆಲಸ ಮಾಡುತ್ತಿದ್ದ ಗ್ರಹಾಂ ಸರ್ಜೆಂಟ್ ಅವರೂ ಸೇರಿ 1986ರಲ್ಲಿ ಒಡಿಶಾದ ರೋಗಿಗಳ ಬಗ್ಗೆ ಬರೆದರು. ಅಲ್ಲಿನವರಲ್ಲಿ ದೊಡ್ಡವರಾದ ಮೇಲೂ ಭ್ರೂಣದ ಹಿಮೋಗ್ಲೋಬಿನ್ ಜಮೈಕಾದವರಿಗಿಂತ ಹೆಚ್ಚಾಗಿತ್ತು, ಕಾಯಿಲೆಯ ಕೆಲವು ತೊಡಕುಗಳು ಕಡಿಮೆಯಾಗಿದ್ದವು. ಇದರಿಂದ ‘ಭಾರತದ ಸಿಕಲ್ ಸೆಲ್ ಮೃದು’ ಎಂಬ ಮಾತು ಹರಡಿತು. ಆ ಮಾತು ಅರ್ಧ ಸತ್ಯ. ಮೃದು ಎನ್ನುತ್ತಲೇ ನಾವು ಬಹಳ ವರ್ಷ ಸುಮ್ಮನೆ ಕೂತೆವು. ಮಧ್ಯಭಾರತದ ಎಷ್ಟೋ ಮಕ್ಕಳಲ್ಲಿ ಈ ಕಾಯಿಲೆ ಮೃದುವಾಗಿಲ್ಲ ಎಂದು ನಾಗಪುರದ ವೈದ್ಯರು ಆಮೇಲೆ ತೋರಿಸಿಕೊಟ್ಟರು.

ಹಾಗಾದರೆ ದೊಡ್ಡವರಲ್ಲಿ ಗ್ಯಾಮಾವನ್ನು ಮತ್ತೆ ಹೊರತರುವುದು ಹೇಗೆ? ಉತ್ತರ ಬಂದದ್ದು ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಪದಾರ್ಥದಿಂದ; ಆರಂಭದಲ್ಲಿ ಹೇಳಿದ 1998ರ ಔಷಧಿ ಇದೇ. 1869ರಲ್ಲೇ ಜರ್ಮನಿಯಲ್ಲಿ ತಯಾರಾಗಿದ್ದ ಇದನ್ನು ವೈದ್ಯರು ರಕ್ತದ ಕ್ಯಾನ್ಸರಿಗೆ ಬಳಸುತ್ತಿದ್ದರು. ಮಜ್ಜೆಯ ಕೋಶಗಳ ಬೆಳವಣಿಗೆಯನ್ನು ತಡೆದು ನಿಲ್ಲಿಸುವುದು ಅದರ ಕೆಲಸ. ಆ ಒತ್ತಡದಲ್ಲಿ ಮಜ್ಜೆ ಗ್ಯಾಮಾ ಸರಪಳಿಯನ್ನು ಹೆಚ್ಚು ಮಾಡತೊಡಗುತ್ತದೆ. ಅಮೆರಿಕದಲ್ಲಿ 299 ವಯಸ್ಕರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1995ರಲ್ಲಿ ಬಂತು. ನೋವಿನ ಉಲ್ಬಣಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದಿದ್ದವು. ಇಷ್ಟು ಸ್ಪಷ್ಟವಾದ ಮೇಲೆ ಉಳಿದವರಿಗೆ ಹುಸಿಗುಳಿಗೆ ಕೊಡುವುದು ತಪ್ಪೆಂದು ಪ್ರಯೋಗವನ್ನೇ ಅವಧಿಗೆ ಮೊದಲು ನಿಲ್ಲಿಸಿದರು. ನಾಗಪುರದಲ್ಲಿ ಮಕ್ಕಳಿಗೆ ಕಡಿಮೆ ಪ್ರಮಾಣದಲ್ಲಿ, ಒಂದು ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೂ ಗುಣ ಕಂಡಿತು. ಆಫ್ರಿಕದ ನಾಲ್ಕು ದೇಶಗಳ ಮಕ್ಕಳಲ್ಲಿ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಲಿ ನೋವಷ್ಟೇ ಅಲ್ಲ, ಮಲೇರಿಯಾ, ಸಾವು ಕೂಡ ಕಡಿಮೆಯಾದವು.

ಹೋಲಿಸಿ ನೋಡಲು ಇನ್ನೊಂದು ಔಷಧಿಯ ಕಥೆ ಹೇಳಬೇಕು. ವೊಕ್ಸೆಲೊಟಾರ್ ಎಂಬುದು ನೇರವಾಗಿ ಹಿಮೋಗ್ಲೋಬಿನ್ನಿಗೇ ಅಂಟಿಕೊಂಡು, ಆಮ್ಲಜನಕವನ್ನು ಬಿಗಿಯಾಗಿ ಹಿಡಿಸಿ, ನಾರು ಹುಟ್ಟುವ ಆಕಾರಕ್ಕೆ ಹೋಗದಂತೆ ತಡೆಯಲು ರೂಪಿಸಿದ ಅಣು. ಪುಸ್ತಕದಲ್ಲಿ ಇದಕ್ಕಿಂತ ಸೊಗಸಾದ ತರ್ಕ ಸಿಗುವುದಿಲ್ಲ. ಕೊಟ್ಟಾಗ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಅಂಕೆ ಏರಿತು. ಆ ಅಂಕೆಯನ್ನು ನೆಚ್ಚಿಕೊಂಡು 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಫೈಜರ್ ಕಂಪನಿ ಅದನ್ನು ಜಗತ್ತಿನ ಎಲ್ಲ ಮಾರುಕಟ್ಟೆಗಳಿಂದ ವಾಪಸು ಪಡೆಯಿತು. ನೋವಿನ ಉಲ್ಬಣಗಳು, ಸಾವುಗಳು ಆತಂಕ ಹುಟ್ಟಿಸುವಂತೆ ಕಂಡಿದ್ದವು, ಲಾಭಕ್ಕಿಂತ ಅಪಾಯ ಹೆಚ್ಚೆಂದು ಕಂಪನಿಯೇ ಒಪ್ಪಿತು. ರಿಪೋರ್ಟಿನ ಅಂಕೆ ಸುಧಾರಿಸುವುದೂ ರೋಗಿ ಸುಧಾರಿಸುವುದೂ ಒಂದೇ ಎಂದು ನಂಬುವ ನಮ್ಮಂಥ ಲ್ಯಾಬಿನವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಅಣುವಿನ ಗೊಡವೆಯೇ ಇಲ್ಲದ ಮದ್ದೂ ಒಂದಿದೆ, ಪೆನ್ಸಿಲಿನ್. ಈ ಕಾಯಿಲೆಯ ಮಕ್ಕಳಲ್ಲಿ ಗುಲ್ಮ ಎಳವೆಯಲ್ಲೇ ಹಾಳಾಗುತ್ತದೆ, ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಗಂಟೆಗಳಲ್ಲಿ ಕೊಲ್ಲಬಲ್ಲದು. ದಿನಾ ಎರಡು ಹೊತ್ತು ಪೆನ್ಸಿಲಿನ್ ಕೊಟ್ಟರೆ ಅಂಥ ಸೋಂಕು 84%ರಷ್ಟು ಇಳಿಯುತ್ತದೆ ಎಂದು 1986ರಲ್ಲಿ ಗೊತ್ತಾಯಿತು. ಆರನೆಯ ಸ್ಥಾನದ ವ್ಯಾಲೀನಿನ ಬಗ್ಗೆ ಏನೂ ಗೊತ್ತಿಲ್ಲದ ನರ್ಸ್ ಕೂಡ ಇದನ್ನು ಕೊಡಬಹುದು. ಆದರೆ ಕೊಡಬೇಕಾದ ಮಗು ಯಾವುದೆಂದು ಮೊದಲು ಗೊತ್ತಾಗಬೇಕು.

ಗೊತ್ತುಮಾಡಿಕೊಳ್ಳುವ ಮಾತು ಬಂದಾಗ ನಮ್ಮ ಕಾಡಿಗೆ ಬರಬೇಕಾಗುತ್ತದೆ. ಇದು ಆಫ್ರಿಕದವರ ಕಾಯಿಲೆ ಎಂದೇ ಜಗತ್ತು ನಂಬಿದ್ದ ಕಾಲದಲ್ಲಿ, 1952ರಲ್ಲಿ, ಸಂಶೋಧಕರಾದ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಶ್ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದನ್ನು ಗುರುತಿಸಿದರು. ನೀಲಗಿರಿಯ ಇಳಿಜಾರು ನಮ್ಮ ಬಂಡೀಪುರಕ್ಕೆ ಮುಟ್ಟುತ್ತದೆ. ಚಾಮರಾಜನಗರದ ಸೋಲಿಗರ ಪೋಡುಗಳಲ್ಲಿ, ಹೆಗ್ಗಡದೇವನಕೋಟೆ, ಕೊಡಗಿನ ಜೇನುಕುರುಬರ, ಯರವರ ಹಾಡಿಗಳಲ್ಲಿ ಈ ಜೀನು ಇದೆ. ಇಲ್ಲೇ ಏಕೆ? 1954ರಲ್ಲಿ ಆಂಟನಿ ಆಲಿಸನ್ ತೋರಿಸಿದಂತೆ, ಒಂದೇ ಜೀನು ಪಡೆದ ವಾಹಕರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ತಲೆತಲಾಂತರದಿಂದ ಮಲೇರಿಯಾ ಕಾಡಿದ ಕಡೆ ಈ ಜೀನು ಉಳಿಯಿತು. ಇಬ್ಬರು ವಾಹಕರು ಮದುವೆಯಾದಾಗ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಪರೀಕ್ಷೆ ಸರಳ. ಬೆರಳಿಗೆ ಚುಚ್ಚಿ ತೆಗೆದ ರಕ್ತದ ಹನಿಯನ್ನು ಪುಟ್ಟ ಗಾಜಿನ ಕೊಳವೆಯ ದ್ರಾವಣಕ್ಕೆ ಬಿಡುತ್ತಾರೆ. ಅದರಲ್ಲಿರುವ ಒಂದು ರಾಸಾಯನಿಕ ಕಣವನ್ನು ಒಡೆಯುತ್ತದೆ, ಇನ್ನೊಂದು ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಐದಾರು ನಿಮಿಷ ಬಿಟ್ಟು ಕೊಳವೆಯನ್ನು ಕಪ್ಪು ಗೆರೆ ಎಳೆದ ಬಿಳಿ ಕಾಗದದ ಮುಂದೆ ಹಿಡಿಯುವುದು. ಗೆರೆ ಸ್ಪಷ್ಟ ಕಂಡರೆ ಸರಿ. ದ್ರಾವಣ ಕದಡಿ ಗೆರೆ ಮರೆಯಾದರೆ ಒಳಗೆ ಆ ನಾರುಗಳೇ ಹುಟ್ಟಿವೆ ಎಂದರ್ಥ. ಆದರೆ ಇದು ವಾಹಕ ಯಾರು, ರೋಗಿ ಯಾರು ಎಂದು ಹೇಳುವುದಿಲ್ಲ. ಅದಕ್ಕೆ ಇಟಾನೊ ಮಾಡಿದಂತೆ ವಿದ್ಯುತ್ತಿನಲ್ಲಿ ಓಡಿಸುವ ಎಲೆಕ್ಟ್ರೋಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ಎಂಬ ಲ್ಯಾಬ್ ಪರೀಕ್ಷೆ ಬೇಕು. ಆರು ತಿಂಗಳೊಳಗಿನ ಕೂಸಿನಲ್ಲಿ ಇದನ್ನು ನಂಬುವಂತೆಯೂ ಇಲ್ಲ, ವಾಟ್ಸನ್ ಕಂಡ ಅದೇ ಭ್ರೂಣದ ಹಿಮೋಗ್ಲೋಬಿನ್ ಕಣ್ಣಿಗೆ ಮಣ್ಣೆರಚುತ್ತದೆ. ಪೆನ್ಸಿಲಿನ್ ಬೇಕಾಗಿರುವುದೋ ಆ ಕೂಸಿಗೇ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಆರಂಭಿಸಿತು. 17 ರಾಜ್ಯಗಳು, ಕರ್ನಾಟಕವೂ ಸೇರಿ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರ ಗಡುವು. ತಪಾಸಣೆ ಆದವರಿಗೆ ಫಲಿತಾಂಶದ ಕಾರ್ಡು ಕೊಡುತ್ತಾರೆ. ಮದುವೆಗೆ ಮುಂಚೆ ಜಾತಕದ ಬದಲು ಕಾರ್ಡು ಕೂಡಿಸಿ ನೋಡಿ ಎಂಬ ಮಾತು ಕೇಳಿಬರುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಜಾತಕ ಕೂಡಿಬರದಿದ್ದಾಗ ಮಾತು ಕೇಳುವುದು ಯಾರು ಎಂಬುದು ನಮಗೆಲ್ಲ ಗೊತ್ತು, ಹೆಣ್ಣು. 1970ರ ದಶಕದಲ್ಲಿ ಅಮೆರಿಕದ ಹಲವು ರಾಜ್ಯಗಳು ತಪಾಸಣೆಯನ್ನು ಕಡ್ಡಾಯ ಮಾಡಿ, ವಾಹಕರಿಗೂ ರೋಗಿಗಳಿಗೂ ವ್ಯತ್ಯಾಸ ತಿಳಿಸದೆ, ಏನೂ ಕಾಯಿಲೆಯಿಲ್ಲದ ಕಪ್ಪು ಜನರು ಕೆಲಸ, ವಿಮೆ ಕಳೆದುಕೊಳ್ಳುವಂತೆ ಮಾಡಿದವು. ವಾಹಕ ರೋಗಿಯಲ್ಲ ಎಂಬ ಮಾತನ್ನು ಕಾರ್ಡು ಕೊಡುವಾಗಲೇ, ಅವರ ಭಾಷೆಯಲ್ಲೇ ಬಿಡಿಸಿ ಹೇಳದಿದ್ದರೆ ಕಾರ್ಡು ಕೊಡುವುದೇ ಬೇಡ ಎನ್ನುವವರಲ್ಲಿ ನಾನೂ ಒಬ್ಬ. ಇನ್ನು ‘ನಿರ್ಮೂಲನೆ’. ಜೀನನ್ನು ಸಿಡುಬಿನಂತೆ ನಿರ್ಮೂಲ ಮಾಡಲಾಗದು. ಕಾಯಿಲೆಯೊಂದಿಗೆ ಹುಟ್ಟುವವರು ಕಡಿಮೆಯಾಗಬಹುದು, ಹುಟ್ಟಿದವರು ಹೆಚ್ಚು ಕಾಲ ಬದುಕಬಹುದು. ಎರಡನೆಯದನ್ನು ಅಭಿಯಾನದ ಭಾಷಣಗಳಲ್ಲಿ ನಾನು ಕಡಿಮೆ ಕೇಳಿದ್ದೇನೆ.

ಕೊನೆಗೆ, ವಿದ್ಯಾರ್ಥಿಗಳು ಕಾಯುತ್ತಿರುವ ಕ್ರಿಸ್ಪರ್, ಅಂದರೆ ಜೀನು ಕತ್ತರಿಸಿ ತಿದ್ದುವ ತಂತ್ರ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಕ್ಯಾಸ್‌ಜೆವಿ ಎಂಬ ಜೀನ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಆರನೆಯ ಸ್ಥಾನದ ಅಕ್ಷರವನ್ನು ತಿದ್ದುತ್ತಾರೆ ಎಂದೇ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹುಟ್ಟಿದ ಮೇಲೆ ಗ್ಯಾಮಾ ಸರಪಳಿಯನ್ನು ಅಡಗಿಸುವ ಬಿಸಿಎಲ್11ಎ ಎಂಬ ಪ್ರೋಟೀನ್ ಇದೆ. ರಕ್ತದ ಆಕರಕೋಶಗಳನ್ನು ಹೊರತೆಗೆದು, ಕೆಂಪು ಕಣಗಳ ಸಾಲಿನಲ್ಲಿ ಆ ಪ್ರೋಟೀನನ್ನು ಹೆಚ್ಚಿಸುವ ಡಿಎನ್‌ಎ ತುಣುಕನ್ನು ಕತ್ತರಿಸಿ ಕೆಡಿಸಿ, ಕೋಶಗಳನ್ನು ವಾಪಸು ಹಾಕುತ್ತಾರೆ. ಸಿಕಲ್ ಜೀನು ಇದ್ದಲ್ಲೇ ಇರುತ್ತದೆ, ಗ್ಯಾಮಾ ಮರಳಿ ಬರುತ್ತದೆ. ಅಂದರೆ 1948ರ ವಾಟ್ಸನ್ ಅವರ ಕೂಸುಗಳೇ ಇಲ್ಲೂ ದಾರಿ ತೋರಿಸಿದ್ದು. ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ 31 ರೋಗಿಗಳ ಪೈಕಿ 29 ಜನಕ್ಕೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಉಲ್ಬಣ ಬರಲಿಲ್ಲ. ಆದರೆ ಕೋಶ ವಾಪಸು ಹಾಕುವ ಮೊದಲು ಹಳೆಯ ಮಜ್ಜೆಯನ್ನು ಕೀಮೊಥೆರಪಿಯಿಂದ ಖಾಲಿ ಮಾಡಬೇಕು, ಮಕ್ಕಳಾಗದಿರುವ ಸಂಭವವಿದೆ. ಒಪ್ಪಿಗೆ ಸಿಕ್ಕಾಗ ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್ ಇತ್ತು, ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೂ ಕ್ರಿಸ್ಪರ್ ಚಿಕಿತ್ಸೆಯ ಮೇಲೆ ಕೆಲಸ ಮಾಡುತ್ತಿದ್ದಾರೆ, ಬೆಲೆ ಇಳಿದೀತು. ಆದರೂ ಸಾವಿರಾರು ಜನಕ್ಕೆ ಮಜ್ಜೆ ಖಾಲಿ ಮಾಡಿ ಕಾಯುವಷ್ಟು ವಾರ್ಡುಗಳು ನಮ್ಮಲ್ಲಿಲ್ಲ.

18 ಕೋಟಿಯ ಚಿಕಿತ್ಸೆಯೂ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲೂ ಹಿಡಿಯಲು ಹೊರಟಿರುವುದು ಒಂದೇ ಗ್ಯಾಮಾ ಸರಪಳಿಯನ್ನು. ಮೊದಲನೆಯದು ಒಮ್ಮೆ ಮಾಡಿದರೆ ಸಾಕು, ಎರಡನೆಯದು ದಿನಾ ಬೇಕು. ಅದಕ್ಕೆ ಬೇಕಾದದ್ದು ಇಷ್ಟು: ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವ, ರಕ್ತಕಣ ಎಣಿಸುವ ಒಂದು ಸಿಬಿಸಿ ಯಂತ್ರ, ಬಿಳಿ ಕಣ ಇಳಿದರೆ ಪ್ರಮಾಣ ಕಡಿಮೆ ಮಾಡುವ ವೈದ್ಯರು, ಬಸಿರಾಗಬಯಸುವ ಹೆಣ್ಣುಮಗಳಿಗೆ ಔಷಧಿಯ ಬಗ್ಗೆ ಮೊದಲೇ ಹೇಳುವವರು, ಹಾಡಿಯಿಂದ ಆಸ್ಪತ್ರೆಗೆ ಬಸ್ಸು, ಇಂಡೆಂಟ್ ತಡವಾಗದೆ ಬರುವ ಸ್ಟಾಕು. ಸ್ಟಾಕು ಬಾರದೆ ಕೆಲವು ತಿಂಗಳು ಮಾತ್ರೆ ನಿಂತರೆ ಮಜ್ಜೆ ಹಳೆಯ ಚಾಳಿಗೆ ಮರಳುತ್ತದೆ, ಗ್ಯಾಮಾ ಇಳಿಯುತ್ತದೆ, ಕಣಗಳು ಮತ್ತೆ ಬಾಗತೊಡಗುತ್ತವೆ.